ಕುಂಕುಮದ ಕೆಳಗೆ ಮೂರು ಪೌಂಡು

ಹೋದ ಶನಿವಾರ ಗರಾಜು ಖಾಲಿ ಮಾಡುವಾಗ, ಹಳೆಯ ಸೂಟ್‌ಕೇಸುಗಳ ಹಿಂದೆ, ಕಿಟಕಿಯ ಪರದೆಯಲ್ಲಿ ಸುತ್ತಿಟ್ಟ ಭಾರದ ವಸ್ತುವೊಂದು ಕೈಗೆ ಸಿಕ್ಕಿತು. ಬಿಚ್ಚಿದೆ. ಮೊದಲು ಬಂದದ್ದು ವಾಸನೆ... ನೀಲಗಿರಿ ಎಣ್ಣೆ, ತುಕ್ಕು, ಅದರ ಹಿಂದೆ ಎಲ್ಲೋ ಒಂದಿಷ್ಟು ಗಂಧ. ಆಮೇಲೆ ಕಂಡದ್ದು ತೂಕದ ಯಂತ್ರ. ಜನ ಬಾತ್‌ರೂಮಿನಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಆ ಥರದ್ದು. ದುಂಡು ಮುಖ, ಗಾಜಿನ ಒಳಗೆ ಮುಳ್ಳು. ಗಾಜಿನ ಮೇಲೆ, ಸರಿಯಾಗಿ ಸೊನ್ನೆ ಇರುವ ಕಡೆ, ಒಣಗಿ ಕಪ್ಪಾಗಿ ಅರ್ಧ ಉದುರಿದ ಕುಂಕುಮದ ಬೊಟ್ಟು.

ಮಗಳು ಕ್ಯುಪರ್ಟಿನೋದಿಂದ ಸಹಾಯಕ್ಕೆ ಬಂದಿದ್ದಳು. ಬಗ್ಗಿ ನೋಡಿ, "ಅಮ್ಮ, ಇದು ಬ್ರೋಕನ್. ನೀಡಲ್ಲು ಝೀರೋಗಿಂತ ಕೆಳಗಿದೆ. ಈ ಚಕ್ರ ತಿರುಗಿಸಿದ್ರೆ ಸರಿ ಹೋಗತ್ತೇನೋ," ಎಂದು ಕೈ ಹಾಕಿದಳು.

"ಮುಟ್ಟಬೇಡ ಅದನ್ನ!" ಎಂದು ನಾನು ಕೂಗಿದ ಕೂಗಿಗೆ ಪಾಪ, ಅವಳು ಬೆಚ್ಚಿಬಿದ್ದಳು. ನನಗೂ ಆಮೇಲೆ ನಾಚಿಕೆಯಾಯಿತು. ಆದರೆ ಆ ಮುಳ್ಳು ಸೊನ್ನೆಗಿಂತ ಮೂರು ಪೌಂಡು ಕೆಳಗೆ ನಿಂತಿರುವುದಕ್ಕೆ ಕಾರಣವಿದೆ. ಅದನ್ನು ಸರಿಪಡಿಸುವ ಅಧಿಕಾರ ನನಗಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ. ಅದು ನಮ್ಮ ಮೇಲಿನ ಮನೆಯವನದು.

ಎಂಬತ್ತರ ದಶಕದ ಮಧ್ಯದ ಮಾತು. ಆಗ ನಾವು ಯೂನಿಯನ್ ಸಿಟಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯಲ್ಲಿದ್ದೆವು. ಸೇರಿದ ವಾರದಿಂದಲೇ ತಲೆಯ ಮೇಲೆ ಧಡ್ ಧಡ್ ಧಡ್ ಸದ್ದು. ಬೆಳಗಾಗುವ ಮೊದಲೇ ಶುರು. ನಮ್ಮನೆಯವರು ಸಾಧು ಪ್ರಾಣಿ, "ಹೋಗಲಿ ಬಿಡೆ" ಎನ್ನುತ್ತಿದ್ದರು. ನಾನು ಹೋಗಲಿ ಬಿಡುವವಳಲ್ಲ. ಒಂದು ದಿನ ಕೈಯಲ್ಲಿ ಹಿಡಿದ ಸೌಟಿನ ಸಮೇತ ಮೆಟ್ಟಿಲು ಹತ್ತಿದೆ, ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಿಂದ ದಾರಿಯುದ್ದಕ್ಕೂ ಕನ್ನಡದಲ್ಲಿ ಮಂಗಳಾರತಿ ಮಾಡುತ್ತಾ. ಬಾಗಿಲು ತೆರೆದವನು ತೆಳ್ಳಗೆ, ಕಪ್ಪಗೆ, ಕೊರಳಲ್ಲಿ ಟವೆಲು, ಕೈಯಲ್ಲಿ ಸ್ಕಿಪ್ಪಿಂಗ್ ಹಗ್ಗ. ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ಬೈಬೇಡಿ ಅಕ್ಕ, ನಿಮಗೆ ಕೇಳ್ತದೆ ಅಂತ ಗೊತ್ತಿರ್ಲಿಲ್ಲ. ಇನ್ನು ಹೊರಗೆ ಹೋಗಿ ಹಾರ್ತೇನೆ," ಎಂದ. ಅಪ್ಪಟ ಉಡುಪಿ ಕಡೆಯ ಕನ್ನಡ! ನನ್ನ ಸೌಟು ತಾನಾಗಿ ಬೆನ್ನ ಹಿಂದೆ ಹೋಯಿತು. ಅವನಿಗೆ ಎಷ್ಟು ಕೇಳಿಸಿತ್ತೋ, ಎಷ್ಟನ್ನು ಕೇಳಿಸದವನಂತೆ ಬಿಟ್ಟನೋ, ಇವತ್ತಿಗೂ ಗೊತ್ತಿಲ್ಲ.

ಮಲ್ಪೆಯ ಮೀನುಗಾರರ ಮನೆಯ ಮಗ. ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡು, ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಶಾಲೆಗೆ ಹೋದವನು. ಆ ಶಾಲೆಯ ಡ್ರಿಲ್ ಮೇಷ್ಟ್ರು ಇವನ ಉದ್ದ ಕೈ ನೋಡಿ ಗ್ಲೌಸು ತೊಡಿಸಿದರಂತೆ. ಅಲ್ಲಿಯೇ ಶುರುವಾದದ್ದು ಬಾಕ್ಸಿಂಗು. ಅಕ್ಕ ನರ್ಸಾಗಿ ಅಮೆರಿಕಕ್ಕೆ ಬಂದಳು, ಕೆಲವು ವರ್ಷದ ಮೇಲೆ ತಮ್ಮನನ್ನೂ ಕರೆಸಿಕೊಂಡಳು. ಇಲ್ಲಿ ಒಂದು ಮೆಷಿನ್ ಶಾಪಿನಲ್ಲಿ ಲೇತು ತಿರುಗಿಸುತ್ತಿದ್ದ. ಸಂಜೆಯಾದರೆ ಓಕ್ಲೆಂಡಿನಲ್ಲಿ, ಟೈರು ಅಂಗಡಿಯ ಮೇಲಿದ್ದ ಜಿಮ್ಮಿಗೆ. ಅಲ್ಲಿದ್ದ ಮುದುಕ ಕೋಚ್‌ಗೆ ಇವನ ಹೆಸರು ಹೇಳಲು ಬಾರದೆ, ಬಾಂಬೆ, ಬಾಂಬೆ ಎಂದೇ ಕೂಗುತ್ತಿದ್ದನಂತೆ.

ಹಣಕ್ಕಾಗಿ ಹೊಡೆದಾಡುವವನಲ್ಲ ಅವನು. ಅಮೆಚೂರು. ಗೆದ್ದರೆ ಒಂದು ಕಪ್ಪು, ಕೈ ಎತ್ತಿ ತೋರಿಸುವ ಆ ಒಂದು ನಿಮಿಷ, ಅಷ್ಟೇ. ನಮ್ಮ ಕನ್ನಡದ ಹೆಂಗಸರಿಗೆ ಇದು ಎಷ್ಟು ಹೇಳಿದರೂ ತಲೆಗೆ ಹತ್ತಲಿಲ್ಲ. ಯುಗಾದಿ ಊಟಕ್ಕೆ ಸೇರಿದಾಗ, "ಒಳ್ಳೆ ಹುಡುಗ ಕಣ್ರೀ, ಆದ್ರೆ ಬಾಕ್ಸಿಂಗ್ ಅಂತೆ, ಯಾರು ಹೆಣ್ಣು ಕೊಡ್ತಾರೆ?" ಎನ್ನುವರು. ಸ್ಯಾನ್ ಹೊಸೆಯಲ್ಲಿ, ಸ್ಟಾಕ್‌ಟನ್‌ನಲ್ಲಿ, ಸ್ಯಾಕ್ರಮೆಂಟೋದಲ್ಲಿ ಅವನು ಒಂದರ ಮೇಲೊಂದು ಪಂದ್ಯ ಗೆದ್ದು ಬರುತ್ತಿದ್ದ. ಬಂದವನು ನಮ್ಮ ಬಾಗಿಲಿಗೆ ಬಂದು, ಊದಿದ ತುಟಿಯಲ್ಲೇ ನಕ್ಕು, "ಗೆದ್ದೆ ಅಕ್ಕ" ಎಂದು ಹೇಳಿಯೇ ಮೇಲೆ ಹೋಗುತ್ತಿದ್ದ. ಉತ್ತರ ಕ್ಯಾಲಿಫೋರ್ನಿಯಾದ ಚಾಂಪಿಯನ್ ಪಟ್ಟ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಎರಡು ಸಲ ತಪ್ಪಿತ್ತು. ಮೊದಲ ವರ್ಷದ ಫೈನಲಿನಲ್ಲಿ ತೀರ್ಪುಗಾರರು ಇನ್ನೊಬ್ಬನ ಕೈ ಎತ್ತಿದರು. ಮರುವರ್ಷ ಹುಬ್ಬು ಒಡೆದು ರಕ್ತ ನಿಲ್ಲದೆ ಪಂದ್ಯವನ್ನೇ ನಿಲ್ಲಿಸಿದರು. ಅಮೆಚೂರುಗಳಿಗೆ ವಯಸ್ಸಿನ ಮಿತಿ ಉಂಟು. ಇವನಿಗೆ ಉಳಿದಿದ್ದದ್ದು ಇನ್ನೊಂದೇ ವರ್ಷ. ಆ ವರ್ಷ ಗೆಲ್ಲದಿದ್ದರೆ ಮುಂದಿನ ವರ್ಷ ಅವನನ್ನು ರಿಂಗಿನೊಳಕ್ಕೇ ಬಿಡುತ್ತಿರಲಿಲ್ಲ.

ಆ ವರ್ಷವೇ ನಮ್ಮ ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದರು, ನವರಾತ್ರಿಗೆ ಮುಂಚೆ.

ಅತ್ತೆ ಎಂದರೆ ಮಡಿ, ಮಡಿ ಎಂದರೆ ಅತ್ತೆ. ಬಂದ ಎರಡನೆಯ ದಿನವೇ ಅವರ ಕಣ್ಣಿಗೆ ಬಿದ್ದದ್ದು ಈ ತೂಕದ ಯಂತ್ರ, ನಮ್ಮ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕದಲ್ಲಿ. ಅದು ಅಲ್ಲಿರುವುದಕ್ಕೆ ಕಾರಣವಿತ್ತು. ಮೇಲಿನ ಮನೆಯ ನೆಲ ಹಲಗೆಯದು, ಕಾಲಿಟ್ಟರೆ ಜಗ್ಗುತ್ತಿತ್ತು, ಯಂತ್ರ ಒಂದೊಂದು ಸಲ ಒಂದೊಂದು ತೂಕ ತೋರಿಸುತ್ತಿತ್ತು. ನಮ್ಮದು ಕೆಳಗೆ ಗಟ್ಟಿ ಕಾಂಕ್ರೀಟು. ಅದರಲ್ಲೂ ಕಾರ್ಪೆಟ್ಟು ಇಲ್ಲದ ಜಾಗವೆಂದರೆ ಅಡುಗೆಮನೆ ಒಂದೇ. ಹಾಗಾಗಿ ಅವನು ದಿನಾ ಕೆಲಸ ಮುಗಿಸಿ ಬಂದು ನಮ್ಮ ಒಲೆಯ ಎದುರಿಗೆ ತೂಕ ನೋಡಿಕೊಳ್ಳುತ್ತಿದ್ದ. ಲೈಟ್‌ವೆಯ್ಟ್ ಬಾಕ್ಸರ್ ನೂರ ಮೂವತ್ತೆರಡು ಪೌಂಡು ಮೀರುವ ಹಾಗಿಲ್ಲ.

"ಮೀನು ತಿನ್ನೋರ ಹುಡುಗ ಅಡಿಗೆಮನೆ ಒಳಗೇ ಬರ್ತಾನೇನೇ?" ಅತ್ತೆ ಪಿಸುಗುಟ್ಟಿದರು.

"ಅಮೆರಿಕದಲ್ಲಿ ಅಡಿಗೆಮನೆಗೆ ಬಾಗಿಲೇ ಇಲ್ಲ ಅತ್ತೆ, ಎಲ್ಲಿ ನಿಲ್ಲಿಸ್ತೀರಿ ಅವನನ್ನ?" ಎಂದೆ.

ಅತ್ತೆ ದಾರಿ ಕಂಡುಕೊಂಡರು. ಅಂಚು ನೆಗ್ಗಿದ ಒಂದು ಸ್ಟೀಲಿನ ತಟ್ಟೆ, ಒಂದು ಲೋಟ, ಎರಡನ್ನೂ ಸಿಂಕಿನ ಕೆಳಗೆ ಬೇರೆಯಾಗಿ ಇಟ್ಟರು. ಅದು ಅವನದು. ಅವನಿಗೂ ಗೊತ್ತಾಯಿತು, ಗೊತ್ತಾಗದೆ ಇರುತ್ತದೆಯೇ? ತಾನೇ ಅದನ್ನು ತೆಗೆದು, ಉಂಡು, ತೊಳೆದು, ಮತ್ತೆ ಅಲ್ಲೇ ಇಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಮಾತ್ರ ಅತ್ತೆಯನ್ನು ಬಾಯಿ ತುಂಬ ಅಮ್ಮಾ ಎಂದೇ ಕರೆದ, ಮೊದಲ ದಿನದಿಂದ.

ಆಯುಧಪೂಜೆಯ ದಿನ ಅತ್ತೆ ಕಾರು, ಹೊಲಿಗೆ ಯಂತ್ರ, ಈಳಿಗೆಮಣೆ, ನಮ್ಮನೆಯವರ ಕ್ಯಾಲ್ಕುಲೇಟರು, ಒಂದನ್ನೂ ಬಿಡದೆ ಕುಂಕುಮ ಹಚ್ಚಿದರು. ಅವನು ಮೆಲ್ಲಗೆ ತನ್ನ ಗ್ಲೌಸು ತಂದು ಮುಂದಿಟ್ಟ. ಚರ್ಮದ್ದು. ಅತ್ತೆ ಒಂದು ಕ್ಷಣ ಗ್ಲೌಸನ್ನು ನೋಡಿದರು, ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಸೇವಂತಿಗೆ ಹೂವನ್ನು ಕುಂಕುಮದಲ್ಲಿ ಅದ್ದಿ ದೂರದಿಂದಲೇ ತಾಗಿಸಿದರು. ಮಡಿಯೂ ಕೆಡಲಿಲ್ಲ, ಹುಡುಗನ ಮನಸ್ಸೂ ಮುರಿಯಲಿಲ್ಲ. ಅದೇ ಉತ್ಸಾಹದಲ್ಲಿ, "ಇದೂ ನಿನ್ನ ಆಯುಧವೇ ಅಲ್ವೇನೋ" ಎಂದು ತೂಕದ ಯಂತ್ರಕ್ಕೂ ಗಂಧ ಬಳಿದು, ಮೇಲೆ ಕಾಸಗಲ ಕುಂಕುಮ ಇಟ್ಟರು. ಹಣೆಗೆ ಇಡುವ ಹಾಗೆ ನೆತ್ತಿಯ ಕಡೆಗೆ. ಸೊನ್ನೆ ಪೂರ್ತಿ ಮುಚ್ಚಿಹೋಯಿತು. ಹಚ್ಚಿದ ಕುಂಕುಮ ಒರೆಸುವುದುಂಟೆ? ಅವನೂ ಒರೆಸಲಿಲ್ಲ. ಹೇಗಿದ್ದರೂ ಅವನಿಗೆ ಬೇಕಾದ ಅಂಕಿ ಕೆಳಗಿನ ಅರ್ಧದಲ್ಲಿತ್ತು.

ಚಳಿಗಾಲ ಕಳೆಯುವಷ್ಟರಲ್ಲಿ ಅತ್ತೆಗೆ ಅವನ ಚಿಂತೆ ಹಿಡಿಯಿತು. ಮುಳ್ಳು ನೂರ ಮೂವತ್ತೆರಡರ ಒಳಗಿದ್ದರೆ ಅವನು ಎರಡು ತುತ್ತು ಅನ್ನ ಉಣ್ಣುತ್ತಿದ್ದ. ಕೂದಲೆಳೆಯಷ್ಟು ದಾಟಿದ್ದರೂ ಬರೀ ಮಜ್ಜಿಗೆ ಕುಡಿದು ಏಳುತ್ತಿದ್ದ. ಅತ್ತೆ ಬಿಸಿಬೇಳೆ ಭಾತಿನ ಸೌಟು ಹಿಡಿದು ನಿಂತೇ ಇರುವರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಯಾವನಿಗೆ ಬೇಕಾಗಿದೆಯೋ ನಿನ್ನ ಕಪ್ಪು? ಮೂಳೆ ಲೆಕ್ಕ ಹಾಕಬಹುದು ಕಣೋ," ಎಂದು ಬೈಯುವರು. "ಎಂತ ಮಾಡುದು ಅಮ್ಮ, ಇದೊಂದು ವರ್ಷ," ಎಂದು ಅವನು ನಗುವನು. ಅವನು ಹೋದ ಮೇಲೆ ಅತ್ತೆ ಆ ಯಂತ್ರವನ್ನು ನೋಡುತ್ತಿದ್ದ ನೋಟ ಇತ್ತಲ್ಲ... ಸವತಿಯನ್ನೂ ಯಾರೂ ಹಾಗೆ ನೋಡುವುದಿಲ್ಲ.

ಸೆಮಿಫೈನಲ್ ಗೆದ್ದ. ಆ ಬೆಳಿಗ್ಗೆ ಅಲ್ಲಿಯ ತೂಕಕ್ಕೂ ನಮ್ಮ ಅಡುಗೆಮನೆಯ ತೂಕಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲವಂತೆ. ಫೈನಲಿಗೆ ಎರಡು ವಾರ ಇತ್ತು. ಆ ಎರಡು ವಾರದಲ್ಲಿ ಒಂದು ಆಶ್ಚರ್ಯ ನಡೆಯಿತು. ಅವನ ಊಟ ಹೆಚ್ಚಾಯಿತು, ಮುಳ್ಳು ಮಾತ್ರ ಏರಲೇ ಇಲ್ಲ. "ದೇವರು ಕಣ್ಣು ಬಿಟ್ಟ ಅಕ್ಕ! ಉಂಡ್ರೂ ತೂಕ ಬರುದಿಲ್ಲ," ಎಂದು ಅವನು ಖುಷಿಯಿಂದ ಇನ್ನೊಂದು ಸಲ ಅನ್ನ ಹಾಕಿಸಿಕೊಳ್ಳುವನು. ಅತ್ತೆ ತಲೆ ತಗ್ಗಿಸಿ ತುಪ್ಪ ಬಡಿಸುವರು. ಕೆನ್ನೆ ಸ್ವಲ್ಪ ತುಂಬಿಕೊಂಡಿತು, ಕಣ್ಣಲ್ಲಿ ಹೊಳಪು ಬಂತು. ನಾನೂ ಸಂತೋಷಪಟ್ಟೆ.

ಫೈನಲಿನ ಹಿಂದಿನ ದಿನ ಶುಕ್ರವಾರ. ಅರ್ಧ ದಿನ ರಜ ಹಾಕಿ ಜಿಮ್ಮಿಗೆ ಹೋಗಿದ್ದವನು ಮಧ್ಯಾಹ್ನ ನಮ್ಮ ಮನೆಗೆ ಬಂದ. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ನನ್ನನ್ನೂ ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಮೂಲೆಯಲ್ಲಿದ್ದ ಹೊಸ ಅಕ್ಕಿ ಚೀಲ, ಇನ್ನೂ ದಾರ ಬಿಚ್ಚಿರಲಿಲ್ಲ, ಇಪ್ಪತ್ತು ಪೌಂಡಿನದು, ಅದನ್ನು ಎತ್ತಿ ಯಂತ್ರದ ಮೇಲೆ ಇಟ್ಟ. ಮುಳ್ಳು ಹದಿನೇಳರಲ್ಲಿ ನಿಂತಿತು.

"ಅಲ್ಲಿ ನಾನು ನೂರ ಮೂವತ್ತೈದು ಇದ್ದೇನೆ ಅಕ್ಕ," ಎಂದ. "ಈ ಮಿಷನ್ನಿಗೆ ಎಂತ ಆಗಿದೆ?"

ನಾನು ಬಾಯಿ ತೆರೆಯುವ ಮೊದಲೇ ದೇವರ ಗೂಡಿನ ಕಡೆಯಿಂದ ಅತ್ತೆಯ ದನಿ ಬಂತು: "ನಾನೇನೂ ಮುಟ್ಟಿಲ್ಲಪ್ಪ ಆ ಚಕ್ರಾನ!"

ಚಕ್ರದ ಮಾತನ್ನು ಯಾರೂ ಎತ್ತಿರಲಿಲ್ಲ. ಯಂತ್ರದ ತಳದಲ್ಲಿ ಮುಳ್ಳನ್ನು ಸೊನ್ನೆಗೆ ತರಲು ಒಂದು ಪುಟ್ಟ ಚಕ್ರ ಇರುವುದೇ ನನಗೆ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅತ್ತೆ ಒಂದು ದಿನ ಯಂತ್ರ ಒರೆಸುವಾಗ ಅದನ್ನು ಕಂಡುಹಿಡಿದಿದ್ದರು. ತಿರುಗಿಸಿದರೆ ಮುಳ್ಳು ಹಿಂದೆ ಸರಿಯುತ್ತದೆ, ಮುಳ್ಳು ಹಿಂದೆ ಸರಿದರೆ ಹುಡುಗ ಉಣ್ಣುತ್ತಾನೆ. ಅವರ ಲೆಕ್ಕ ಅಷ್ಟೇ. ದಿನಕ್ಕಿಷ್ಟು, ದಿನಕ್ಕಿಷ್ಟು ಎಂದು ತಿರುಗಿಸಿದ್ದರು. ಸರಿದ ಮುಳ್ಳನ್ನು ಅವರೇ ಇಟ್ಟ ಕುಂಕುಮ ಮುಚ್ಚಿಕೊಂಡಿತ್ತು.

"ಅತ್ತೆ, ನಾಳೆ ಬೆಳಿಗ್ಗೆ ತೂಕ ಮೀರಿದ್ರೆ ಇವನನ್ನ ಆಡೋಕೇ ಬಿಡಲ್ಲ. ಎದುರಾಳಿ ಒಂದೇಟೂ ಹೊಡೀದೆ ಚಾಂಪಿಯನ್ ಆಗ್ತಾನೆ. ಇವನಿಗೆ ಇನ್ನೊಂದು ವರ್ಷ ಇಲ್ಲ!" ಎಂದು ಕಿರುಚಿದೆ. ನನಗೆ ಕೋಪ ಬಂದರೆ ದೊಡ್ಡವರು ಚಿಕ್ಕವರು ಎಂದಿಲ್ಲ.

ಅವನು ಕಿರುಚಲಿಲ್ಲ. ಅಕ್ಕಿ ಚೀಲವನ್ನು ಎತ್ತಿ ಇದ್ದ ಜಾಗಕ್ಕೇ ಇಟ್ಟ. ಬಾಗಿಲು ತೆರೆದು ಹೊರಗೆ ಹೋಗಿ ಪಾರ್ಕಿಂಗ್ ಲಾಟಿನಲ್ಲಿ ನಮಗೆ ಬೆನ್ನು ಹಾಕಿ ನಿಂತ. ಆ ಬೆನ್ನು ನೋಡಲಾಗಲಿಲ್ಲ ನನ್ನಿಂದ. ಎರಡು ಸಲ ಫೈನಲಿನಲ್ಲಿ ಸೋತು ಬಂದಾಗಲೂ ಅದು ಹಾಗೆ ಬಾಗಿರಲಿಲ್ಲ.

ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಅವನ ಹಿಂದೆ ಹೋದರು. ನಾನೂ ಓಡಿದೆ. ಅತ್ತೆ ಕ್ಷಮೆ ಗಿಮೆ ಕೇಳುವ ಪೈಕಿಯಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಗದರುವ ದನಿಯೇ.

"ಇವತ್ತು ಏಕಾದಶಿ ಕಣೋ. ಬೆಳಗಿನಿಂದ ನಾನು ಒಂದು ಹನಿ ನೀರು ಮುಟ್ಟಿಲ್ಲ. ಮದುವೆಯಾದಾಗಿಂದ ತಿಂಗಳಿಗೆ ಎರಡು ಸಲ ಮಾಡ್ಕೊಂಡು ಬಂದಿದೀನಿ, ಯಾರೂ ಸಾಯಲ್ಲ. ನೀನೂ ಮಾಡು ನನ್ನ ಜೊತೆ. ನಾಳೆ ಬೆಳಿಗ್ಗೆ ನಿನ್ನ ತೂಕ ಆದ ಮೇಲೇ ನನ್ನ ಪಾರಣೆ. ನೀನು ಉಣ್ಣೋವರೆಗೂ ನಾನೂ ಉಣ್ಣಲ್ಲ."

ಅವನು ತಿರುಗಿ ನೋಡಿದ. "ನೀರು ಸಹ ಇಲ್ವಾ ಅಮ್ಮ?"

"ಉಗುಳೂ ನುಂಗಕೂಡದು!"

ಅವನಿಗೆ ನಗು ಬಂತು. ಆ ಪರಿಸ್ಥಿತಿಯಲ್ಲಿ ಅದು ಹೇಗೆ ಬಂತೋ ಕಾಣೆ, ನಕ್ಕುಬಿಟ್ಟ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಬೆವರು ಹರಿಸಬೇಕು ಎಂದ. ನಮ್ಮನೆಯವರ ಎರಡು ಸ್ವೆಟರು ಒಂದರ ಮೇಲೊಂದು, ಅದರ ಮೇಲೆ ಮಳೆ ಕೋಟು, ತಲೆಗೆ ಅತ್ತೆ ಮೈಸೂರಿನಿಂದ ತಂದಿದ್ದ ಮಂಕಿ ಕ್ಯಾಪು. ಕಾರಿನ ಗಾಜೆಲ್ಲ ಏರಿಸಿ, ಹೀಟರನ್ನು ಪೂರ್ತಿ ತಿರುಗಿಸಿ, ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾನು ಫ್ರೀವೇ ಹತ್ತಿದೆ. ಲೈಸೆನ್ಸು ಸಿಕ್ಕಿ ಎರಡು ತಿಂಗಳಾಗಿತ್ತು ಅಷ್ಟೆ. ಹಿಂದಿನ ಸೀಟಿನಲ್ಲಿ ಅತ್ತೆ: "ಬೇಯಿಸಿದವಳು ನಾನು, ನಾನೂ ಬೇಯ್ತೀನಿ" ಎಂದು ಹಟ ಹಿಡಿದು ಹತ್ತಿದ್ದರು. ಎರಡು ಎಕ್ಸಿಟ್ ದಾಟುವಷ್ಟರಲ್ಲಿ ಅವನೇ ಗಾಬರಿಯಾಗಿ, "ಅಕ್ಕ, ಮೊದ್ಲು ಅಮ್ಮನನ್ನು ಮನೆಗೆ ಬಿಡಿ ಮಾರಾಯ್ರೆ, ನನ್ನ ಬಾಕ್ಸಿಂಗ್ ಹಾಳಾಗಿ ಹೋಗ್ಲಿ!" ಎಂದ. ಅವರನ್ನು ಇಳಿಸಿ ಮತ್ತೆ ಹೊರಟೆವು. ಟೋಲ್ ಪ್ಲಾಜಾದಲ್ಲಿ ದುಡ್ಡು ತೆಗೆದುಕೊಳ್ಳುವವಳು ಮಂಕಿ ಕ್ಯಾಪಿನೊಳಗೆ ಬೆವರುತ್ತಿದ್ದ ಈ ಮುಖ ನೋಡಿ, ಡಾಕ್ಟರನ್ನು ಕರೆಯಲೇ ಎಂದು ಕೇಳಿದಳು. ನನ್ನ ಸೀರೆ ಬೆನ್ನಿಗೆ ಅಂಟಿತ್ತು. ಆಮೇಲೆ ಕೊಲ್ಲಿಯ ಅಂಚಿನ ಗುಡ್ಡದಲ್ಲಿ ಅದೇ ವೇಷದಲ್ಲಿ ಓಡಿದ. ಬಾಯಿ ಒಣಗಿ ಮಾತು ನಿಂತಿತು. ಸಂಜೆ ಮನೆಗೆ ಬಂದಾಗ ಅತ್ತೆ ಜಪಮಣಿ ಹಿಡಿದು ಬಾಗಿಲಲ್ಲೇ ಕೂತಿದ್ದರು. ಅವನೂ ಅವರ ಪಕ್ಕ ಹೋಗಿ ಗೋಡೆಗೆ ಒರಗಿ ಕೂತ. ನಾನು ಮತ್ತು ನಮ್ಮನೆಯವರು ಅವರಿಗೆ ಕಾಣದ ಹಾಗೆ ಬೆಡ್‌ರೂಮಿನಲ್ಲಿ ಕದ್ದು ಚಿತ್ರಾನ್ನ ತಿಂದೆವು.

ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಂಜು ಕವಿದಿತ್ತು. ಹಳೆಯ ಸಭಾಂಗಣವೊಂದರ ಹಿಂಬಾಗಿಲಿನಿಂದ ಅವನು ಕೋಚ್ ಜೊತೆ ಒಳಗೆ ಹೋದ. ನಾವು ಪಾರ್ಕಿಂಗ್ ಲಾಟಿನ ಸಿಮೆಂಟು ಬೆಂಚಿನ ಮೇಲೆ ಕೂತೆವು. ಅತ್ತೆ ತಲೆಗೆ ಸ್ನಾನ ಮಾಡಿ ಪೂಜೆ ಮುಗಿಸಿ ಬಂದಿದ್ದರು, ತೊಡೆಯ ಮೇಲೆ ಟಿಫಿನ್ ಕ್ಯಾರಿಯರು. ಒಳಗೆ ಹೋದವನು ಬರಲೊಲ್ಲ. ಅತ್ತೆಯ ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಕೊನೆಗೆ ಬಾಗಿಲು ತೆರೆಯಿತು. ಮೊದಲು ಕೋಚ್ ಬಂದ, ಟೋಪಿಯನ್ನು ಮೇಲಕ್ಕೆ ಎಸೆದ. ಅವನ ಹಿಂದೆ ಇವನು, ಎರಡು ಕೈಯನ್ನೂ ಎತ್ತಿಕೊಂಡು!

"ನೂರ ಮೂವತ್ತೆರಡು ಅಮ್ಮ! ಸರೀ ನೂರ ಮೂವತ್ತೆರಡು!"

ಅತ್ತೆ ಕ್ಯಾರಿಯರು ಬಿಚ್ಚಿದರು. ಹುಣಸೆಹಣ್ಣು ಸೇರದ ಹೆಸರುಬೇಳೆ ತೊವ್ವೆ, ಅನ್ನ, ಮೊಸರು. ದ್ವಾದಶಿಗೆ ಅಗಸೆ ಸೊಪ್ಪೇ ಆಗಬೇಕು, ಅದನ್ನು ಇಲ್ಲಿ ಎಲ್ಲಿ ಹುಡುಕುವುದು? ಸ್ಪಿನಾಚಿನಲ್ಲೇ ಪಲ್ಯ ಮಾಡಿದ್ದರು. ಚೀಲದಿಂದ ಎರಡು ತಟ್ಟೆ ತೆಗೆದು ಬೆಂಚಿನ ಮೇಲೆ ಇಟ್ಟರು. ಎರಡೂ ನಮ್ಮ ಮನೆಯ ಮಾಮೂಲಿ ತಟ್ಟೆಗಳು. ಅಂಚು ನೆಗ್ಗಿದ ತಟ್ಟೆ ಇರಲಿಲ್ಲ. ಅವನೂ ನೋಡಿದ, ನಾನೂ ನೋಡಿದೆ. ಅತ್ತೆ ಇಬ್ಬರನ್ನೂ ನೋಡಲಿಲ್ಲ. ಅವನಿಗೆ ಬಡಿಸಿ, ತಮಗೂ ಬಡಿಸಿಕೊಂಡು, ಅವನ ಪಕ್ಕದಲ್ಲೇ ಕೂತು ಒಂದೇ ಬೆಂಚಿನ ಮೇಲೆ ಪಾರಣೆ ಮಾಡಿದರು. ಜೀವಮಾನವೆಲ್ಲ ಬೇರೆಯವರ ನೆರಳು ಬಿದ್ದರೆ ಎದ್ದು ಹೋಗುತ್ತಿದ್ದ ಹೆಂಗಸು! "ಮೆಲ್ಲಗೆ ತಿನ್ನೋ, ಯಾರೂ ಕಿತ್ಕೊಳಲ್ಲ," ಎಂದು ಗದರಿದರು. ಅವನು ತಲೆ ಎತ್ತಲಿಲ್ಲ. ಅವನ ಕಣ್ಣಿನ ನೀರು ಮೊಸರನ್ನಕ್ಕೆ ಬೀಳುತ್ತಿತ್ತು.

ಸಂಜೆ ಪಂದ್ಯ. ಎದುರಾಳಿ ಇವನಿಗಿಂತ ಗೇಣುದ್ದ ಎತ್ತರ, ವಯಸ್ಸಿನಲ್ಲಿ ಎಷ್ಟೋ ಚಿಕ್ಕವನು, ಉದ್ದ ಕೈ. ಮೊದಲ ಸುತ್ತಿನಲ್ಲಿ ಇವನನ್ನು ಹತ್ತಿರಕ್ಕೇ ಬಿಡಲಿಲ್ಲ, ದೂರದಿಂದಲೇ ಮುಖಕ್ಕೆ ಕುಟ್ಟಿದ. ಅತ್ತೆ ಕಣ್ಣು ಮುಚ್ಚಿ ನರಸಿಂಹ ದೇವರನ್ನು ನೆನೆಯುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡೇ ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ಎರಡನೆಯ ಸುತ್ತಿನಲ್ಲಿ ಇವನು ತಲೆ ತಗ್ಗಿಸಿ ಆ ಉದ್ದ ಕೈಗಳ ಕೆಳಗೆ ನುಸುಳತೊಡಗಿದ. ಪಕ್ಕೆಗೆ ಎಡಗೈ, ಮತ್ತೆ ಪಕ್ಕೆಗೆ ಎಡಗೈ. ಜಿಮ್ಮಿನವರೆಲ್ಲ ಎದ್ದು ನಿಂತು ಬಾಂಬೆ, ಬಾಂಬೆ ಎಂದು ಕೂಗತೊಡಗಿದರು.

ಮೂರನೆಯ ಸುತ್ತು ಶುರುವಾದಾಗ ನನಗೆ ಭಯ ಹತ್ತಿತು. ಹಿಂದಿನ ದಿನದ ಉಪವಾಸ ಈಗ ಕಾಲಿಗೆ ಇಳಿದರೆ? ಒಂದು ಪೆಟ್ಟು ಬಿದ್ದು ಅವನು ಹಗ್ಗಕ್ಕೆ ಒರಗಿದ. ಆಗ ನನ್ನ ಪಕ್ಕದಿಂದ ಒಂದು ದನಿ ಎದ್ದಿತು, ಮೈಸೂರಿನ ಅಗ್ರಹಾರದ ಯಾವ ಜಗುಲಿಯಲ್ಲೂ ಯಾರೂ ಕೇಳಿರದ ದನಿ. "ಬಿಡಬೇಡ ಕಣೋ! ಹೊಡಿ! ನನ್ನನ್ನ ಉಪವಾಸ ಕೆಡವಿದ್ದು ಸುಮ್ನೇನಾ? ಹೊಡಿಯೋ ಅವನ್ನ!" ಅತ್ತೆ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ.

ಅವನಿಗೆ ಕೇಳಿಸಿತಂತೆ. ಅಷ್ಟು ಗದ್ದಲದಲ್ಲಿ ಕನ್ನಡ ಒಂದೇ ಕೇಳಿಸಿತು ಎಂದು ಆಮೇಲೆ ಹೇಳುತ್ತಿದ್ದ. ಹಗ್ಗದಿಂದ ಚಿಮ್ಮಿ ಬಂದವನು ಮತ್ತೆ ಹಿಂದೆ ಸರಿಯಲೇ ಇಲ್ಲ. ಎಡಗೈ, ಬಲಗೈ, ಎಡಗೈ... ಎದುರಾಳಿಯ ಕೈಗಳು ಕೆಳಗಿಳಿದವು, ಕಾಲು ತೊಡರಿತು, ಒಂದು ಮಂಡಿ ನೆಲಕ್ಕೆ ತಾಗಿತು. ಎದ್ದ, ಪಾಪ, ಧೈರ್ಯಸ್ಥ ಹುಡುಗ. ಆದರೆ ಗಂಟೆ ಹೊಡೆಯುವವರೆಗೂ ಇವನು ಅವನಿಗೆ ಉಸಿರಾಡಲು ಬಿಡಲಿಲ್ಲ.

ರೆಫರಿ ಇಬ್ಬರ ಕೈಯನ್ನೂ ಹಿಡಿದು ನಡುವೆ ನಿಂತ. ಮೈಕಿನವನು ಏನೋ ಗೊಣಗಿದ. ಆಮೇಲೆ ಇವನ ಕೈ ಮೇಲೆ ಹೋಯಿತು! ಮಲ್ಪೆಯಲ್ಲಿ ಬಲೆ ಎಳೆಯುತ್ತಾ ಬೆಳೆದ ಕೈ, ಹೋಟೆಲಿನಲ್ಲಿ ಲೋಟ ತೊಳೆದ ಕೈ, ಅಷ್ಟೆತ್ತರದಲ್ಲಿ ದೀಪದ ಬೆಳಕಿನಲ್ಲಿ! ಅವನ ನರ್ಸ್ ಅಕ್ಕ ನನ್ನನ್ನು ತಬ್ಬಿ ಗೊಳೋ ಎಂದು ಅತ್ತಳು. ನಾನೂ ಅತ್ತುಬಿಟ್ಟೆ, ಯಾರಿಗೇನು ನಾಚಿಕೆ? ನಮ್ಮ ಸಾಧು ಪ್ರಾಣಿ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರಿಗೆ ಶಿಳ್ಳೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಕಪ್ಪನ್ನು ಅವನು ನೇರ ತಂದು ಅತ್ತೆಯ ಮಡಿಲಿಗೆ ಇಟ್ಟ. ಅತ್ತೆ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, "ಇದರಲ್ಲಿ ಕಾಲು ಸೇರು ಪಾಯಸ ಹಿಡಿಯುತ್ತೆ," ಎಂದರು. ಆಮೇಲೆ ಮನೆಯಿಂದ ಕರಿದು ತಂದಿದ್ದ ಕೋಡುಬಳೆಯ ಡಬ್ಬ ಹಿಡಿದು ಎತ್ತಲೋ ಹೊರಟರು. ಹುಡುಕಿಕೊಂಡು ಹೋದರೆ, ಸೋತ ಹುಡುಗನ ಎದುರು ನಿಂತು ಅವನ ಕೈಗೆ ಕೋಡುಬಳೆ ತುರುಕುತ್ತಿದ್ದರು. "ತೂಕಕ್ಕೇಂತ ಇವನೂ ಉಪವಾಸ ಬಿದ್ದಿರ್ತಾನಲ್ವೇನೇ, ಯಾವ ತಾಯಿ ಹೆತ್ತ ಮಗನೋ," ಎಂದರು. ಆ ಹುಡುಗ ಒಡೆದ ತುಟಿಯಲ್ಲಿ ಕೋಡುಬಳೆ ಕಡಿಯುತ್ತಾ ಥ್ಯಾಂಕ್ಯೂ ಮ್ಯಾಮ್ ಎಂದ.

ಆ ವರ್ಷವೇ ಅವನು ರಿಂಗಿನಿಂದ ಇಳಿದ. ಇಳಿದನೇನು, ಅದೇ ಜಿಮ್ಮಿನಲ್ಲಿ ಕೋಚ್ ಆದ. ಕೂದಲು ನೆರೆತು ಸೊಂಟ ಬಗ್ಗುವವರೆಗೂ ಹುಡುಗರನ್ನು ಬೆಳೆಸಿದ, ಆಮೇಲಾಮೇಲೆ ಹುಡುಗಿಯರನ್ನೂ. ಹೆಣ್ಣು ಯಾರು ಕೊಡುತ್ತಾರೆ ಎಂದವರ ಎದುರಿಗೇ ಅಕ್ಕನ ಆಸ್ಪತ್ರೆಯ ಮಂಗಳೂರು ನರ್ಸ್ ಒಬ್ಬಳು ತಾನಾಗಿ ಒಪ್ಪಿ ಮದುವೆಯಾದಳು. ಪಂದ್ಯದ ಹಿಂದಿನ ದಿನ ಯಾರದಾದರೂ ತೂಕ ಮೀರಿದ್ದರೆ, ಇವತ್ತು ನಿನಗೆ ಏಕಾದಶಿ ಎನ್ನುತ್ತಿದ್ದನಂತೆ. ಓಕ್ಲೆಂಡಿನ ಆ ಮಕ್ಕಳ ಬಾಯಲ್ಲಿ ಏಕಾದಶಿ ಎಂಬ ಮಾತನ್ನು ನಾನೇ ಕೇಳಿದ್ದೇನೆ. ಅತ್ತೆ ಮೈಸೂರಿಗೆ ವಾಪಸ್ಸಾಗುವ ಮುಂಚೆ ನೆಗ್ಗಿದ ತಟ್ಟೆಯನ್ನು ತುಳಸಿ ಕುಂಡದ ಕೆಳಗೆ ಇಟ್ಟರು, ನೀರು ಸೋರಬಾರದೆಂದು. ಅವರು ಅಲ್ಲಿ ತೀರಿಹೋಗಿ ಎಷ್ಟು ವರ್ಷವಾಯಿತು... ಸುದ್ದಿ ಬಂದ ದಿನ ಅವನು ನಮ್ಮ ಮನೆಗೆ ಬಂದು, ಅಡುಗೆಮನೆಯ ನೆಲದ ಮೇಲೆ ಕೂತು, ತಾಯಿ ಹೋದ ಹಾಗೆ ಅತ್ತ. ನಾವು ಸ್ವಂತ ಮನೆಗೆ ಹೋಗುವಾಗ ಯಂತ್ರವನ್ನು ಅವನಿಗೆ ಹಿಂದಿರುಗಿಸಲು ಹೋದೆ. ಚಕ್ರವನ್ನು ಸರಿ ಮಾಡಿಕೊಡಲೇ ಎಂದೂ ಕೇಳಿದೆ. "ಬೇಡ ಅಕ್ಕ, ಹಾಗೇ ಇರ್ಲಿ. ಅದು ಅಮ್ಮ ಇಟ್ಟ ತೂಕ. ನಿಮ್ಮಲ್ಲೇ ಇರ್ಲಿ," ಎಂದ.

ಹೋದ ತಿಂಗಳು ಅವನೂ ಹೋದ. ನಿದ್ದೆಯಲ್ಲೇ ಹೃದಯ ನಿಂತಿತಂತೆ. ಜಿಮ್ಮಿನಲ್ಲಿ ಸಭೆ ಇಟ್ಟಿದ್ದರು. ರಿಂಗಿನ ನಡುವೆ ಒಂದು ಖಾಲಿ ಸ್ಟೂಲು, ಅದರ ಮೇಲೆ ಆ ಕಪ್ಪು. ಅವನು ಬೆಳೆಸಿದ ಗಟ್ಟಿಮುಟ್ಟು ಆಳುಗಳೆಲ್ಲ ಮಕ್ಕಳ ಹಾಗೆ ಅಳುತ್ತಿದ್ದರು. ಗಂಟೆಯನ್ನು ಹತ್ತು ಸಲ ನಿಧಾನವಾಗಿ ಹೊಡೆದರು, ಬಾಕ್ಸರುಗಳಲ್ಲಿ ಹಾಗೆ ಬೀಳ್ಕೊಡುವುದಂತೆ. ಆ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ನಮ್ಮನೆಯವರು ಹೋದ ವರ್ಷವೇ ಹೋದರು, ಅತ್ತೆ ಯಾವತ್ತೋ ಹೋದರು. ಆ ಬೆಂಚಿನ ಬೆಳಿಗ್ಗೆಯನ್ನು ಕಂಡವಳು ಇನ್ನು ನಾನೊಬ್ಬಳೇ. ತಟ್ಟೆ ಮುಂದೆ ಕೂರುವುದು, ಎರಡು ತುತ್ತು ಕಲಸುವುದು, ಏಳುವುದು. ಮಗಳು ನನ್ನ ಕುತ್ತಿಗೆಯ ಮೂಳೆ ನೋಡಿ ನೋಡಿ ಬೈಯುತ್ತಿದ್ದಾಳೆ. ಅದಕ್ಕೇ ಮನೆ ಖಾಲಿ ಮಾಡಿಸಿ ತನ್ನ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾಳೆ.

ಗರಾಜಿನ ಸಿಮೆಂಟು ನೆಲದ ಮೇಲೆ ಯಂತ್ರ ಇಟ್ಟು, ಮಗಳ ಭುಜ ಹಿಡಿದುಕೊಂಡು ಅದರ ಮೇಲೆ ಹತ್ತಿದೆ. ಮುಳ್ಳು ನಡುಗುತ್ತಾ ಹೋಗಿ ನಿಂತಿತು. ಇಷ್ಟು ಕಡಿಮೆಯಾ ಎಂದು ಅವಳು ಗಾಬರಿಯಾದಳು. ಆ ಕಡಿಮೆಯಲ್ಲಿ ಮೂರು ಪೌಂಡು ನಿನ್ನ ಅಜ್ಜಿಯದು, ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಇಳಿದು, ಒಳಗೆ ಹೋಗಿ, ಕೈ ತೊಳೆದುಕೊಂಡು, ತಟ್ಟೆ ತುಂಬ ಮೊಸರನ್ನ ಕಲಸಿಕೊಂಡು ಕೂತೆ. ಇನ್ನೊಂದು ಸಲ ಹಾಕಿಸಿಕೊಂಡೆ.